ಎಲ್‌ಸಿ ಕೊಟ್ಟವಳು

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ತುಮಕೂರಿನ ಅಂಗಡಿಯಿಂದ ಡಬ್ಬ ಸಮೇತ ತಂದದ್ದು. ಚೆನ್ನಾಗಿಯೇ ಓಡುತ್ತದೆ. ನಾನು ಅದರಲ್ಲಿ ಶಾಲೆಯ ಮಕ್ಕಳ ಹಾಜರಿ, ಬಿಸಿಯೂಟದ ವಿವರ ತುಂಬುತ್ತೇನೆ. ಯಾರಿಗಾಗಿ ಅದನ್ನು ತಂದೆನೋ ಅವರು ಮಾತ್ರ ಇವತ್ತಿನವರೆಗೂ ಅದರ ಒಂದು ಗುಂಡಿ ಒತ್ತಿಲ್ಲ. ಬಂದವರು ಕೇಳಿದರೆ, "ಚೆನ್ನಾಗೈತೆ, ನಮ್ ಟೀಚರಮ್ಮ ತಂದವ್ರೆ" ಅನ್ನುತ್ತಾರೆ. ಆ 'ಚೆನ್ನಾಗೈತೆ' ಕಿವಿಗೆ ಬಿದ್ದಾಗಲೆಲ್ಲ ಎದ್ದು ಎಲ್ಲಿಗಾದರೂ ಹೊರಟುಹೋಗೋಣ ಅನ್ನಿಸುತ್ತದೆ. ಹೋಗುವುದೆಲ್ಲಿಗೆ, ಸೋಮವಾರ ಮತ್ತೆ ಶಾಲೆ.

ಅವರು ಅಂದರೆ ನನ್ನ ಗಂಡ. ಮಧುಗಿರಿ ಕಡೆಯವರು. ಪಾವಗಡ ತಾಲ್ಲೂಕಿನ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ನನ್ನ ಹಿಂದೆಯೇ ಬಂದು, ಇಲ್ಲಿಯೇ ಒಬ್ಬ ಕಂತ್ರಾಟುದಾರನ ಬಳಿ ಲೈನ್‌ಮನ್ ಕೆಲಸಕ್ಕೆ ಸೇರಿದರು. ವಳ್ಳೂರಿನ ಪಕ್ಕದ ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಾಳಿಗೆ ಹತ್ತಿದರೆ ಬೆಟ್ಟದ ಬುಡದವರೆಗೂ ಸೋಲಾರ್ ಹಲಗೆಗಳೇ. ಅಷ್ಟೊಂದು ಕರೆಂಟು ಹುಟ್ಟುವ ಜಾಗದಲ್ಲಿ ನಮ್ಮ ಮನೆಯ ಫ್ಯಾನು ದಿನಕ್ಕೆ ಮೂರು ಸಲ ನಿಲ್ಲುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆಯನ್ನು ನಾನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕಿಟಕಿ ತೋರಿಸಿದರೆ ಸಾಕು.

ಲೈನ್ ಕೆಲಸದವರಿಗೆ ಒಂದು ನೇಮ ಇದೆ. ಕಂಬ ಹತ್ತುವ ಮೊದಲು ಎಲ್‌ಸಿ ತೆಗೆದುಕೊಳ್ಳಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಒಬ್ಬ ಹೋಗಿ ಆ ಲೈನಿನ ಸ್ವಿಚ್ಚನ್ನು ಇಳಿಸಿ, ಇಳಿದಿದೆ ಎಂದು ಕಣ್ಣಾರೆ ಕಂಡು, ಫೋನಿನಲ್ಲಿ 'ಎಲ್‌ಸಿ ಕೊಟ್ಟಿದ್ದೇನೆ' ಅನ್ನಬೇಕು. ಆಮೇಲೆಯೇ ಇನ್ನೊಬ್ಬ ತಂತಿ ಮುಟ್ಟಬೇಕು. ಈ ನೇಮ ನಮ್ಮ ಮನೆಯಲ್ಲಿ ಅಡುಗೆಕೋಣೆಯವರೆಗೂ ಬಂದಿತ್ತು. ಬಲ್ಬು ಬದಲಿಸುವುದಿರಲಿ, ಮಿಕ್ಸಿ ಬಿಚ್ಚುವುದಿರಲಿ, ಪ್ಲಗ್ ಅವರ ಕೈಯಲ್ಲೇ ಇದ್ದರೂ ನನ್ನನ್ನು ಕರೆದು ಸ್ವಿಚ್ ಬೋರ್ಡಿನ ಮುಂದೆ ನಿಲ್ಲಿಸುವರು. ಮದುವೆಯಾದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು.

"ಮಿಕ್ಸಿಗೂ ಎಲ್‌ಸಿ ಬೇಕೇನ್ರೀ?"

"ಇದು ಮಿಕ್ಸಿ, ಇದು ಕಂಬ ಅಂತ ಕರೆಂಟಿಗೆ ಗೊತ್ತಾಗಲ್ಲ ಕಣೇ. ನೀನು ಸ್ವಿಚ್ ನೋಡಿ ಹೇಳು."

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಷ್ಟು ನೆಟ್ಟಗೆ ನಿಂತು, "ಎಲ್‌ಸಿ ಕೊಟ್ಟಿದೀನಿ, ಸಾರ್" ಅನ್ನುತ್ತಿದ್ದೆ. ನಮ್ಮಿಬ್ಬರ ಸರಸ ಅಷ್ಟರಲ್ಲೇ ಇತ್ತು.

ಅವರು ಬಿದ್ದದ್ದು ಐದು ವರ್ಷದ ಹಿಂದೆ. ಗಾಳಿಗೆ ಒಂದು ತಂತಿ ಕಳಚಿತ್ತು. ಇವರು ಕಂಬದ ಬುಡದಲ್ಲಿದ್ದರು. ಜೊತೆಯ ಇನ್ನೊಬ್ಬ ಲೈನ್‌ಮನ್, ಇವರಿಗಿಂತ ಹಿರಿಯ, ಅಷ್ಟು ದೂರದಲ್ಲಿದ್ದ ಸ್ವಿಚ್ಚನ್ನು ಇಳಿಸಬೇಕಿತ್ತು. ಅವನು ಅಲ್ಲಿಗೆ ಹೋಗುವ ಹೊತ್ತಿಗೆ ಊರಿಗೆ ಊರೇ ಕರೆಂಟು ಹೋಗಿತ್ತು. ಹೇಗೂ ಕರೆಂಟಿಲ್ಲ, ಟೀ ಕುಡಿದು ಬಂದು ಇಳಿಸಿದರಾಯಿತು ಎಂದುಕೊಂಡು ಫೋನಿನಲ್ಲಿ ಎಲ್‌ಸಿ ಕೊಟ್ಟ. ತಂತಿಯನ್ನು ನೆಲಕ್ಕೆ ಕೂಡಿಸುವ ಅರ್ಥ್ ಸರಳು ಆವತ್ತು ಬೇರೆ ತಂಡದವರ ಹತ್ತಿರ ಇತ್ತು. ಇವರು ಹತ್ತಿದರು, ಕರೆಂಟು ಬಂತು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಬಲಗೈಯ ಎರಡು ಬೆರಳು ಸುಟ್ಟು ಮಡಿಸಲು ಬಾರದಂತೆ ನಿಂತವು.

ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಆ ಮನುಷ್ಯ ಒಂದು ಚೀಲ ಮೂಸಂಬಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ನಾನು ಹೊಸಿಲು ದಾಟಲು ಬಿಡಲಿಲ್ಲ. "ಕರೆಂಟ್ ಇಲ್ಲ ಅನ್ನೋದು ಬೇರೆ, ಲೈನ್ ಕ್ಲಿಯರ್ ಅನ್ನೋದು ಬೇರೆ. ಅಷ್ಟೂ ತಿಳೀದೋನು ಯಾಕಪ್ಪ ಈ ಕೆಲಸಕ್ಕೆ ಬಂದೆ? ನಿನ್ನ ಒಂದು ಲೋಟ ಟೀಗೆ ನನ್ನ ಗಂಡನ ಕಾಲು ಹೋಯ್ತಲ್ಲ" ಅಂದೆ. ಓಣಿಗೆಲ್ಲ ಕೇಳುವಂತೆ ಅಂದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಒಳಗಿನ ಮಂಚದಿಂದ ಇವರು, "ಹೋಗ್ಲಿ ಬುಡು. ಅವ್ನೇನು ಬೇಕಂತ ಮಾಡುದ್ನಾ?" ಎಂದರು. ನಾನು ಬಿಡಲಿಲ್ಲ. ಮೂಸಂಬಿಯನ್ನೂ ವಾಪಸ್ಸು ಕಳಿಸಿದೆ. ಆಮೇಲೆ ಅವನು ಕೆಲಸ ಬಿಟ್ಟು ಕೊರಟಗೆರೆಯ ಕಡೆ ಹೋದನೆಂದು ಯಾರೋ ಹೇಳಿದರು.

ಸಿಟ್ಟು ನನ್ನ ಹುಟ್ಟುಗುಣ. ಅದಕ್ಕೆ ಅವಸರವೂ ಜೊತೆ. ಒಂದು ಸಂಜೆ ಶಾಲೆಯಿಂದ ಬೆವೆತು ಬಂದವಳು, ಬೆಳಗಿನ ಪಾತ್ರೆ ಹಾಗೆಯೇ ಇದ್ದುದನ್ನು ಕಂಡು, "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು" ಎಂದುಬಿಟ್ಟೆ. ಗಾಲಿಕುರ್ಚಿಯಲ್ಲಿ ಕೂತೇ ಇರಬೇಕಾದ ಮನುಷ್ಯನಿಗೆ ಆಡುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮಾರನೆಯ ದಿನದಿಂದ ಓಣಿಯವರ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟಾರ್ಚುಗಳನ್ನು ಇಸಕೊಂಡು ರಿಪೇರಿ ಮಾಡತೊಡಗಿದರು. ಎರಡು ಬೆರಳು ಬಾರದಿದ್ದರೂ ಉಳಿದ ಮೂರರಲ್ಲಿ ಸ್ಕ್ರೂ ಹಿಡಿಯುವುದನ್ನು ಕಲಿತರು. ಸ್ವಿಚ್ ಬೋರ್ಡು ಮಾತ್ರ ಅವರ ಕೈಗೆ ಎಟುಕುತ್ತಿರಲಿಲ್ಲ. ನಿಂತು ಓಡಾಡುವವರ ಮನೆ ಅದು, ಬೋರ್ಡು ಆಳೆತ್ತರದಲ್ಲಿ, ಅದೂ ಬೀರುವಿನ ಮರೆಯಲ್ಲಿ. ಹಾಗಾಗಿ ಎಲ್‌ಸಿ ಮೊದಲಿನಂತೆ ನನ್ನ ಪಾಲಿಗೇ ಉಳಿಯಿತು.

ಕಂಪ್ಯೂಟರಿನ ಮಾತು ಎತ್ತಿದ್ದು ಅವರ ಹಳೆಯ ಸ್ನೇಹಿತ, ಹೊಲಕ್ಕೆ, ಮನೆಗೆ ಹೊಸ ಕರೆಂಟ್ ಹಾಕಿಸಿಕೊಡುವ ಕಂತ್ರಾಟುದಾರ. ಹಳೆಯ ಧಣಿಯಲ್ಲ, ಬೇರೆಯವನು. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಬಂದು ಕೂತು ಹೇಳಿದ.

"ಅಣ್ಣಾ, ಈ ತಾಲ್ಲೂಕಿನ ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲಾ ನಿಂಗೆ ಬಾಯಿಪಾಠ. ಮನೇಲೊಂದು ಕಂಪ್ಯೂಟರ್ ಮಡಿಕ್ಕೊ. ಲೈನಿನ ನಕ್ಷೆ, ಎಸ್ಟಿಮೇಟು ಎಲ್ಲಾ ನೀನೇ ಮಾಡ್ಕೊಡು. ನಾನು ಪಾವಗಡದಾಗೆ ಯಾರ್‌ಯಾರ ಕಾಲೋ ಹಿಡೀತಿದೀನಿ. ಸಂಕ್ರಾಂತಿಗಂಟ ಕಾಯ್ತೀನಿ ನೋಡು."

ಅವನು ಹೋದ ಮೇಲೆ ಇವರು ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಕೂತಿದ್ದರು. ಆಮೇಲೆ, "ಕಂಬ ಹತ್ತದೆ ಲೈನ್ ಕೆಲಸ ಮಾಡಬೋದು ಅಂತ ನಂಗೆ ಹೊಳ್ದೇ ಇರ್ಲಿಲ್ಲ ಕಣೇ" ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನಾಳೆಯ ಮಾತು ಆಡಿದ್ದು ಅದು. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಒಳಗೆ ಹೋದೆ.

ಕೊಳ್ಳುವುದೋ, ಕಟ್ಟುವುದೋ? ಆವತ್ತಿನಿಂದ ನಮ್ಮ ಮನೆಯಲ್ಲಿ ಇದೊಂದೇ ಮಾತು. ನಾನು ಕೊಳ್ಳುವ ಪಕ್ಷ. ಅಂಗಡಿಯಿಂದ ಡಬ್ಬ ಬರಬೇಕು, ಪ್ಲಗ್ ಹಾಕಬೇಕು, ಕೆಲಸ ಶುರುವಾಗಬೇಕು. ಕೆಟ್ಟರೆ ಅಂಗಡಿಯವರ ಕೊರಳಿಗೆ ಕಟ್ಟಬೇಕು. ಅವರು ಕಟ್ಟುವ ಪಕ್ಷ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮು, ಡಿಸ್ಕು ಎಂದು ಬರೆದು, ಒಂದೊಂದರ ಮುಂದೆ ಹೊಸದೋ ಹಳೆಯದೋ ಎಂದು ಗುರುತು ಹಾಕಿ ಗೋಡೆಗೆ ಅಂಟಿಸಿದರು. ಮೂವತ್ತು ಸಾವಿರದೊಳಗೆ ಮುಗಿಯಬೇಕು ಎಂದು ನಾನು ಗೆರೆ ಎಳೆದಿದ್ದೆ. ಆ ದುಡ್ಡಿಗೆ ಸಿಗುವ ರೆಡಿಮೇಡಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕುಂಟುತ್ತದೆ. ಬಿಡಿಬಿಡಿಯಾಗಿ ತಂದು ಜೋಡಿಸಿದರೆ ಅದೇ ದುಡ್ಡಿಗೆ ಗಟ್ಟಿ ಸಾಮಾನು ಬರುತ್ತದೆ ಎಂದು ಅವರ ವಾದ. ಅವರು ಹೇಳಿದ್ದು ನಿಜವೇ ಇತ್ತು. ನನ್ನ ಅಡ್ಡಿ ದುಡ್ಡಿನದ್ದಲ್ಲ. ಅದನ್ನು ನಾನು ಹೇಳಲಿಲ್ಲ, ಆದರೂ ಅವರಿಗೆ ತಿಳಿಯಿತು.

"ನೀನು ನನ್ ಬೆಳ್ಳು ನೋಡ್ತಿದೀಯ" ಎಂದರು.

"ಇಲ್ಲ ರೀ."

"ನೋಡ್ತಿದೀಯ. ನೋಡು, ತಪ್ಪಿಲ್ಲ. ಆದ್ರೆ ಒಂದ್ ಮಾತು. ಡಬ್ಬದಾಗೆ ಬಂದಿದ್ನ ನೀನು ನನ್ ಮುಂದೆ ಮಡಗುದ್ರೆ ಅದು ನೀನು ತಂದಿದ್ದಾಗ್ತದೆ. ನಾನು ಕಟ್ಟುದ್ರೆ ನಾನು ಕಟ್ಟಿದ್ದಾಗ್ತದೆ. ಅಷ್ಟೇ ಕಣೇ."

ಕಟ್ಟುವುದೇ ಎಂದು ತೀರ್ಮಾನವಾಯಿತು. ತಿಂಗಳಿಗೊಂದು ಸಾಮಾನು, ನನ್ನ ಸಂಬಳ ಬಂದ ಮೇಲೆ.

ಸಾಮಾನು ತರುವವಳು ನಾನು. ಶಿರಾದಲ್ಲಿ, ಹಳೆಯ ಮಸೀದಿಯ ಕಡೆಗೆ ಹೋಗುವ ಬೀದಿಯಲ್ಲಿ ಒಬ್ಬರ ಸಣ್ಣ ಅಂಗಡಿ ಇತ್ತು. ನರೆತ ಗಡ್ಡದ, ಸಮಾಧಾನದ ಮನುಷ್ಯ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತಿದ್ದೆ. ನಮ್ಮವರು ಫೋನಿನ ವೀಡಿಯೊದಲ್ಲಿ ಒಂದೊಂದೇ ವಸ್ತುವನ್ನು ತಿರುಗಿಸಿ ತಿರುಗಿಸಿ ನೋಡುವರು. ಅಂಗಡಿಯವರೂ ಬೇಸರಪಡದೆ ತೋರಿಸುವರು. ಇಬ್ಬರಿಗೂ ಪರಿಚಯವಾಗಿ, ಕೊನೆಕೊನೆಗೆ ನನ್ನನ್ನು ಮರೆತು ಅವರವರೇ ಮಾತಾಡಿಕೊಳ್ಳುತ್ತಿದ್ದರು. ನಾನು ಫೋನ್ ಹಿಡಿದು ನಿಂತ ಕಂಬ.

ಇವೆಲ್ಲ ಕೂರುವ ತಗಡಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ತಂದ ದಿನ ಮಾತ್ರ ನಾನು ಬಾಯಿ ಹಾಕಿದೆ. ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈಯನ್ನು ಬೇರೆಯಾಗಿ, ಒಳ್ಳೆಯದನ್ನೇ ಕೊಳ್ಳಬೇಕೆಂದು ನಮ್ಮವರ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿತ್ತು. ಕ್ಯಾಬಿನೆಟ್ಟಿನ ಜೊತೆಗೆ ಒಂದು ಸಪ್ಲೈ ಹೇಗೂ ಬರುತ್ತಿತ್ತು. ಇದ್ದುದನ್ನು ಬಿಟ್ಟು ಇನ್ನೊಂದಕ್ಕೆ ಯಾಕೆ ದುಡ್ಡು ಸುರಿಯಬೇಕು?

"ಮೇಡಂ, ಬಾಕಿ ಎಲ್ಲಾ ಸಸ್ತಾ ತಗೊಳ್ಳಿ, ಪರ್ವಾ ಇಲ್ಲ" ಎಂದರು ಅಂಗಡಿಯವರು. "ಸಪ್ಲೈನಾಗೆ ಕಂಜೂಸ್ತನ ಮಾಡ್ಬೇಡಿ. ಒಳ್ಳೇದ್ರಲ್ಲಿ ಹಿಂದ್ಗಡೆ ಅದ್ರದ್ದೇ ಒಂದು ಸ್ವಿಚ್ ಇರ್ತದೆ, ಕೂತಲ್ಲೇ ಆಫ್ ಮಾಡ್ಬೋದು. ಇದ್ರಲ್ಲಿ ಅದೂ ಇಲ್ಲ."

"ಗೋಡೆ ಮೇಲೆ ಸ್ವಿಚ್ ಇದೆಯಲ್ಲ" ಎಂದೆ ನಾನು. ಫೋನಿನಲ್ಲಿ ನಮ್ಮವರು "ಆಯ್ತು ಬುಡು, ಅವ್ಳು ಹೇಳಿದಂಗೆ ಆಗ್ಲಿ" ಅಂದರು. ಎರಡು ಸಾವಿರ ಉಳಿಸಿದೆನೆಂದು ಬಸ್ಸಿನುದ್ದಕ್ಕೂ ನನಗೆ ಹೆಮ್ಮೆ.

ಶನಿವಾರ ಕಬ್ಬಿಣ ತರಬಾರದೆಂದು ಮಧುಗಿರಿಯಿಂದ ಅತ್ತೆ ಫೋನ್ ಮಾಡಿದರು. ವಾರವೆಲ್ಲ ಮಕ್ಕಳಿಗೆ ಪಾಠ ಹೇಳುವ ಸೊಸೆಗೆ ಶನಿವಾರ ಬಿಟ್ಟು ಬೇರೆ ದಿನ ಯಾವುದಿತ್ತು? "ಇದು ಕಬ್ಬಿಣವಲ್ಲ ಅತ್ತೆ, ತಗಡು" ಎಂದು ಮಾತು ತೇಲಿಸಿದೆ.

ಆ ಆರೇಳು ತಿಂಗಳು ನಮ್ಮ ಮನೆಯಲ್ಲಿ ನಗು ಇತ್ತು. ಇದನ್ನು ಬರೆಯುವಾಗ ನನಗೇ ನಂಬಿಕೆಯಾಗುವುದಿಲ್ಲ, ಆದರೆ ಇತ್ತು. ತಂದ ಡಬ್ಬಗಳನ್ನು ಅವರು ಮಂಚದ ಪಕ್ಕದಲ್ಲೇ ಪೇರಿಸಿಟ್ಟುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಒಂದನ್ನು ತೆರೆದು ನೋಡಿ ಮುಚ್ಚುವರು. ಫೋನಿನಲ್ಲಿ ಜೋಡಿಸುವ ವಿಧಾನ ನೋಡಿ ನೋಡಿ, ಅಡುಗೆ ಮಾಡುವ ನನಗೆ ಪಾಠ ಒಪ್ಪಿಸುವರು. ಹಲ್ಲುಜ್ಜುವ ಹೊಸ ಬ್ರಷ್ ಒಂದನ್ನು ಧೂಳು ಹೊಡೆಯಲೆಂದೇ ತೆಗೆದಿಟ್ಟರು. ರ‍್ಯಾಮ್ ಪಟ್ಟಿ ಎರಡು ಬೇಕಿತ್ತು. ಮೊದಲನೆಯದನ್ನು ಮಾತ್ರ ತಂದು, ಇನ್ನೊಂದಕ್ಕೆ ಬೆಲೆ ಇಳಿಯಲಿ ಎಂದು ಕಾದೆವು. ಇಳಿಯುವುದಿರಲಿ, ಅದು ಏರಿತು, ಏರುತ್ತಲೇ ಹೋಯಿತು. ಶಿರಾದ ಅಂಗಡಿಯವರು, "ಚಿನ್ನದ ಭಾವ ಆಗ್ಬಿಟ್ಟಿದೆ ಮೇಡಂ, ಯಾಕೆ ಅಂತ ನಂಗೂ ಗೊತ್ತಿಲ್ಲ" ಎಂದು ಕೈ ಚೆಲ್ಲಿದರು. ಕೊನೆಗೆ ಸಂಕ್ರಾಂತಿ ಹತ್ತಿರ ಬಂತೆಂದು ಮೊದಲನೆಯದರ ಎರಡರಷ್ಟಕ್ಕೂ ಮೇಲೆ ಕೊಟ್ಟು ಎರಡನೆಯದನ್ನು ತಂದೆ. ನನ್ನ ಗೆರೆ ಅಲ್ಲಿಗೆ ಅಳಿಸಿಹೋಯಿತು.

ಜೋಡಿಸಿದ್ದು ಸಂಕ್ರಾಂತಿಗೆ ಮುಂಚಿನ ಭಾನುವಾರ. ಬೆಳಿಗ್ಗೆಯೇ ಅವರು ಸ್ನಾನ ಮಾಡಿ, ಗುಂಡಿ ಹಾಕುವ ಅಂಗಿ ತೊಟ್ಟರು. ಮನೆಯಲ್ಲಿ ಬನಿಯನ್ನಿನಲ್ಲೇ ಇರುವ ಮನುಷ್ಯ. ಮೇಜಿನ ಮೇಲೆ ಹಳೆಯ ಹತ್ತಿ ಸೀರೆ ಹಾಸಿ ಕೆಲಸಕ್ಕೆ ಕೂತರು. ನಾನು ಬಾಗಿಲ ಹತ್ತಿರ ಚಾಪೆಯ ಮೇಲೆ ಮಕ್ಕಳ ಕಿರುಪರೀಕ್ಷೆಯ ಹಾಳೆ ತಿದ್ದುತ್ತ ಕೂತೆ. ಪ್ಲಗ್ಗನ್ನು ಗೋಡೆಗೆ ಹಾಕಿಯೇ ಇರಬೇಕು, ಸ್ವಿಚ್ ಮಾತ್ರ ಆಫ್ ಆಗಿರಬೇಕು ಎಂದು ಅವರ ಕಟ್ಟಪ್ಪಣೆ. "ಪ್ಲಗ್ ಇದ್ರೆ ಅರ್ಥ್ ಇರ್ತದೆ. ಆವತ್ತು ಅರ್ಥ್ ಇಲ್ದೇ ತಾನೆ ನಾನು ಇಂಗಾಗಿದ್ದು?" ಎಂದರು. ಪ್ರತಿ ಸಲ ಕೈ ಹಾಕುವ ಮೊದಲು ಎಲ್‌ಸಿ ಕೇಳಿದರು. ಪ್ರತಿ ಸಲ ನಾನು ಎದ್ದು ಹೋಗಿ, ಬೀರುವಿನ ಸಂದಿಯಲ್ಲಿ ಕಣ್ಣು ಹಾಕಿ, ಸ್ವಿಚ್ ನೋಡಿ, ಎಲ್‌ಸಿ ಕೊಟ್ಟೆ. ಐದಾರು ಸಲ ಎದ್ದಿದ್ದೇನೆ. ನನ್ನ ಮಂಡಿಗಳು ಮಾತಾಡತೊಡಗಿದ್ದವು.

ಊಟದ ಹೊತ್ತು ದಾಟಿದ ಮೇಲೆ, "ಹಾಕು ನೋಡಾನ" ಎಂದರು. ಒಂದೇ ರ‍್ಯಾಮ್ ಪಟ್ಟಿ ಹಾಕಿ ಮೊದಲು ಪರೀಕ್ಷೆ. ನಾನು ಸ್ವಿಚ್ ಹಾಕಿದೆ. ಅವರು ಗುಂಡಿ ಒತ್ತಿದರು. ಒಳಗಿನ ಸಣ್ಣ ಫ್ಯಾನು ತಿರುಗಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಮೂಡಿದವು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಅವರಿಗೆ ತಿಳಿಯಿತು. ಅಳುತ್ತಿದ್ದರು. ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಕಂತ್ರಾಟುದಾರನಿಗೆ ಫೋನ್ ಮಾಡಿ, "ನಾಳಿದ್ದು ಬಾರಪ್ಪ, ಕೆಲ್ಸ ತಗೊಂಬಾ" ಎಂದರು. ಅಷ್ಟು ದೊಡ್ಡ ದನಿಯಲ್ಲಿ ಅವರು ಮಾತಾಡಿ ನಾಲ್ಕು ವರ್ಷವಾಗಿತ್ತು.

ಫೋನ್ ಇಡುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ತಲೆಯ ಮೇಲಿನ ಫ್ಯಾನು ನಿಂತಿತು. ಅವರು ಬೇಸರಪಡಲಿಲ್ಲ.

"ಬರ್ಲಿ ಬುಡು. ಅದು ಬರೋ ಹೊತ್ಗೆ ಇನ್ನೊಂದು ಪಟ್ಟಿ ಕೂರಿಸ್ಬುಡ್ತೀನಿ. ಎಲ್‌ಸಿ ಕೊಡೇ."

ನನ್ನ ಕೈಯಲ್ಲಿ ಒಂದು ಹುಡುಗಿಯ ಉತ್ತರಪತ್ರಿಕೆ ಇತ್ತು. ಅಂಕ ಕೂಡಿಸುತ್ತಿದ್ದೆ. ಎದ್ದರೆ ಲೆಕ್ಕ ತಪ್ಪುತ್ತಿತ್ತು. ತಲೆ ಎತ್ತಿ ನೋಡಿದೆ, ಫ್ಯಾನು ನಿಂತಿದೆ. ಕರೆಂಟೇ ಇಲ್ಲ.

"ಕೊಟ್ಟಿದೀನಿ" ಎಂದೆ.

ಅವರು ತಿರುಗಿ ಕೂಡ ನೋಡಲಿಲ್ಲ. ಬೀರುವಿನ ಮರೆಯ ಸ್ವಿಚ್ಚು ಅವರಿಗೆ ಕಾಣುತ್ತಲೂ ಇರಲಿಲ್ಲ. ನಾನು ಹೇಳಿದೆ, ಅವರು ನಂಬಿದರು. ಪಟ್ಟಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಬಲಗೈಯ ಬಾಗದ ಆ ಎರಡು ಬೆರಳುಗಳಿಂದಲೇ ಒತ್ತತೊಡಗಿದರು. ಒತ್ತುವ ಕೆಲಸಕ್ಕೆ ಅವೇ ಚೆನ್ನಾಗಿವೆ ಎಂದು ಬೆಳಿಗ್ಗೆ ತಮಾಷೆ ಮಾಡಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಅಜ್ಜಿ ಜಗುಲಿಯಿಂದ, "ಕರೆಂಟ್ ವಚ್ಚಿಂದಮ್ಮೋ!" ಎಂದು ಖುಷಿಯಿಂದ ಕೂಗಿದಳು. ನಮ್ಮ ಫ್ಯಾನು ತಿರುಗಿತು. ಮೇಜಿನ ಮೇಲೆ 'ಚಿಟ್' ಎಂದು ಒಂದು ಸಣ್ಣ ಸದ್ದು. ಆಮೇಲೆ ಸುಟ್ಟ ವಾಸನೆ.

ಅವರಿಗೆ ಶಾಕ್ ಹೊಡೆಯಲಿಲ್ಲ. ಗುಂಡಿ ಒತ್ತದಿದ್ದರೂ ಗೋಡೆಯ ಸ್ವಿಚ್ಚಿನಿಂದ ಬೋರ್ಡಿಗೆ ಹರಿದದ್ದು ಟಾರ್ಚಿನ ಶೆಲ್ಲಿನಷ್ಟು ಕರೆಂಟು, ಮನುಷ್ಯನನ್ನು ಮುಟ್ಟುವಷ್ಟಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅವರ ಮೈಗೆ ಅದು ಗೊತ್ತಿರಲಿಲ್ಲ. ಎರಡೂ ಕೈಯನ್ನು ಎದೆಗೆ ಅವುಚಿಕೊಂಡು ಕುರ್ಚಿಯ ಸಮೇತ ಹಿಂದಕ್ಕೆ ಸರಿದು ಗೋಡೆಗೆ ಬಡಿದರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ಕಂಬದ ಮೇಲೆ ಆ ಗಳಿಗೆಯಲ್ಲಿ ಅವರ ಮುಖ ಹೇಗಿದ್ದಿರಬಹುದೆಂದು ನಾಲ್ಕು ವರ್ಷ ಯೋಚಿಸಿದ್ದೆ. ಆವತ್ತು ನೋಡಿದೆ.

ನಾನು ಓಡಿದೆ. ಬೀರುವಿನ ಹಿಂದೆ ಕೈ ತೂರಿಸಿ ಸ್ವಿಚ್ ಆರಿಸಿದೆ. 'ಟಪ್' ಎಂದಿತು. ಆ ಸದ್ದಿಗೆ ಅವರು ಕಣ್ಣು ಬಿಟ್ಟರು. ಆಫ್ ಆಗಿದ್ದ ಸ್ವಿಚ್ಚನ್ನು ಮತ್ತೆ ಆಫ್ ಮಾಡಿದರೆ ಸದ್ದು ಬರುವುದಿಲ್ಲ. ಅದನ್ನು ಲೈನ್‌ಮನ್ನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ, ಓಣಿಗೆಲ್ಲ ಕೇಳುವಂತೆ ಕೂಗಲಿ ಎಂದು ನನ್ನ ಜೀವ ಬೇಡಿಕೊಂಡಿತು.

"ಹೋಗ್ಲಿ ಬುಡು" ಎಂದರು. "ನೀನೇನು ಬೇಕಂತ ಮಾಡುದ್ಯಾ?"

ಮಂಚದ ಮೇಲೆ ಮಲಗಿ ಆ ಮೂಸಂಬಿಯವನಿಗೆ ಹೇಳಿದ ಅದೇ ಮಾತು, ಅದೇ ದನಿ.

ಮುಂದಿನ ಶನಿವಾರ ಎಲ್ಲವನ್ನೂ ಹೊತ್ತುಕೊಂಡು ಶಿರಾಕ್ಕೆ ಹೋದೆ. ಅಂಗಡಿಯವರು ಒಂದೊಂದೇ ಹಾಕಿ ನೋಡಿ, "ಬೋರ್ಡ್ ಗಯಾ ಮೇಡಂ. ರ‍್ಯಾಮ್ ಎರಡೂ ಗಯಾ. ಏನಾಯ್ತು?" ಎಂದು ಕೇಳಿದರು. ವೋಲ್ಟೇಜು ಜಾಸ್ತಿ ಬಂತು ಎಂದು ಸುಳ್ಳು ಹೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ, ಮತ್ತೇನೂ ಕೇಳದೆ ಎಲ್ಲವನ್ನೂ ಹಾಗೆಯೇ ಡಬ್ಬಕ್ಕೆ ತುಂಬಿಕೊಟ್ಟರು. ಹೊಸ ರ‍್ಯಾಮಿನ ಬೆಲೆ ಕೇಳಿದೆ. ಹೇಳಿದರು. ಎದ್ದು ಬಂದೆ. ಊರಿನಲ್ಲಿ ಪಕ್ಕದ ಮನೆಯ ಅಜ್ಜಿ, "ಶನಿವಾರಂ ಇನುಮು ತೆಸ್ತೇ ಇಂತೇನಮ್ಮ" ಎಂದಳು. ಶನಿವಾರ ಕಬ್ಬಿಣ ತಂದರೆ ಹೀಗೇ ಅಂತೆ. ಅತ್ತೆಯೂ ಫೋನಿನಲ್ಲಿ ಅದನ್ನೇ ಹೇಳಿದರು. ಶನಿಯ ಮೇಲೆ ಹಾಕಿಬಿಟ್ಟಿದ್ದರೆ ಎಷ್ಟು ಹಗುರಾಗುತ್ತಿತ್ತು! ಆದರೆ ಸ್ವಿಚ್ ನೋಡದೆ ಕೂತವನು ಶನಿಯಲ್ಲ. ಕಂತ್ರಾಟುದಾರ ಸಂಕ್ರಾಂತಿಯ ಎಳ್ಳು ತೆಗೆದುಕೊಂಡು ಬಂದ, ಹತ್ತು ನಿಮಿಷ ಕೂತ, "ಆಯ್ತಣ್ಣ, ನೋಡಾನ" ಎಂದು ಹೋದ. ಅವನ ನಕ್ಷೆಗಳನ್ನು ಈಗ ಮಧುಗಿರಿಯಲ್ಲಿ ಯಾರೋ ಮಾಡಿಕೊಡುತ್ತಾರೆ.

ನನಗೆ ತಡೆಯಲಾಗಲಿಲ್ಲ. ಚೀಟಿ ದುಡ್ಡು ಎತ್ತಿ, ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದೆ. ರೆಡಿಮೇಡ್ ತಂದು ಎದುರಿಗೆ ಇಟ್ಟರೆ ಆದದ್ದು ಅಳಿಸಿಹೋಗುತ್ತದೆ ಎಂದು ಹುಚ್ಚು ಆಸೆ. ಅವರು ಆಡಿದ್ದ ಮಾತು ನೆನಪಿತ್ತು, ನೆನಪಿದ್ದೂ ಹೋದೆ. ಮಧುಗಿರಿ ದಾಟಿ ಬಸ್ಸು ಕೊರಟಗೆರೆಯಲ್ಲಿ ನಿಂತಿತು. ಕಿಟಕಿಯ ಕೆಳಗೆ ಒಂದು ಹಣ್ಣಿನ ಗಾಡಿ. ಗಾಡಿಯ ಹಿಂದೆ ಅವನು, ಆ ಮೂಸಂಬಿಯವನು. ತುಂಬಾ ಇಳಿದುಹೋಗಿದ್ದ. ಬಸ್ಸಿನವರಿಗೆ ಹಣ್ಣು ತೋರಿಸುತ್ತ ಕಿಟಕಿ ಕಿಟಕಿಗೆ ಬರುತ್ತಿದ್ದವನು ನನ್ನ ಕಿಟಕಿಗೂ ಬಂದ. ಗುರುತು ಹಿಡಿದ. ಮೇಲೆತ್ತಿದ್ದ ಕೈಯನ್ನು ಮೆಲ್ಲನೆ ಇಳಿಸಿ, ತಪ್ಪು ಮಾಡಿದ ಮಗುವಿನ ಹಾಗೆ ಬಸ್ಸಿನ ಹಿಂಬದಿಗೆ ಸರಿದುಬಿಟ್ಟ.

ನಾನು ಇಳಿಯಬೇಕಿತ್ತು. ನಾನೂ ಹಾಗೆಯೇ ಮಾಡಿದೆನಪ್ಪ, ಕರೆಂಟು ಇಲ್ಲವಲ್ಲ ಅಂದುಕೊಂಡೆ, ಒಂದು ಹಾಳೆಯ ಅಂಕ ಕೂಡಿಸುವುದಿತ್ತು, ಏಳಲಿಲ್ಲ ಎಂದು ಹೇಳಬೇಕಿತ್ತು. ಲೋಕದಲ್ಲಿ ಆ ಮಾತು ಅರ್ಥವಾಗುವವನು ಅವನೊಬ್ಬನೇ. ಬಸ್ಸು ಐದು ನಿಮಿಷ ನಿಂತಿತ್ತು. ಓಣಿಯಲ್ಲಿ ಅಷ್ಟು ಜೋರಾಗಿ ಬೈಯಲು ಬಂದ ಬಾಯಿಗೆ ಒಂದು ಮಾತು ಹುಟ್ಟಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ನಾನು ಕೂತೇ ಇದ್ದೆ.

ಕಂಪ್ಯೂಟರ್ ತಂದೆ. ಅವರು ಡಬ್ಬ ನೋಡಿದರು, ಪರದೆ ನೋಡಿದರು. "ಚೆನ್ನಾಗೈತೆ" ಎಂದರು. "ನಿನ್ ಸ್ಕೂಲಿನ ಕೆಲ್ಸಕ್ಕಾಯ್ತು." ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರ್ ಹಾಳೆಗಳನ್ನು ಮಾರನೆಯ ದಿನ ತಾವೇ ಕಿತ್ತು, ನೀಟಾಗಿ ಮಡಿಸಿ, ಸುಟ್ಟ ಬೋರ್ಡಿದ್ದ ಡಬ್ಬದೊಳಗೆ ಇಟ್ಟರು. ಸಿಟ್ಟಿಲ್ಲ, ಮುನಿಸಿಲ್ಲ. ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಾರೆ, ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಾರೆ. ನನ್ನ ಮೇಲೆ ಅವರಿಗೆ ಏನೂ ಇಲ್ಲ. ಅದೇ ನನಗೆ ಸಹಿಸಲಾಗದ್ದು. ಓಣಿಯವರ ರಿಪೇರಿ ಕೆಲಸವನ್ನೂ ಬಿಟ್ಟರು. ಕೇಳಿದರೆ, ಬೆರಳು ನೋವು ಎನ್ನುತ್ತಾರೆ.

ಹೋದ ವಾರ ನಮ್ಮದೇ ಮಿಕ್ಸಿ ಕೆಟ್ಟಿತು. ಚಟ್ನಿ ಅರ್ಧಕ್ಕೆ ನಿಂತಿತ್ತು. ಅಂಗಡಿಗೆ ಒಯ್ಯಬಹುದಿತ್ತು. ಒಯ್ಯಲಿಲ್ಲ. ತೊಳೆದು ಒರೆಸಿ, ಅವರ ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಇಟ್ಟೆ. ಅವರು ಅದನ್ನು ತಿರುಗಿಸಿ ತಳ ನೋಡಿದರು. ಬೆರಳಿನಿಂದ ಒಂದು ಸ್ಕ್ರೂವನ್ನು ಸವರಿದರು. ನನಗೆ ಉಸಿರು ಬಂದಂತಾಯಿತು. ಬೀರುವನ್ನು ನಾನು ಕಂಪ್ಯೂಟರ್ ಸುಟ್ಟ ಭಾನುವಾರವೇ ಒಬ್ಬಳೇ ನೂಕಿ ಆಚೆ ಗೋಡೆಗೆ ಸರಿಸಿದ್ದೆ. ಬೋರ್ಡು ಈಗ ಎಲ್ಲಿಂದಲೂ ಕಾಣುತ್ತದೆ. ಅವರು ಕೇಳುವ ಮೊದಲೇ ಹೋಗಿ ಅದರ ಮುಂದೆ ನಿಂತೆ. ಸ್ವಿಚ್ ನೋಡಿದೆ. ಮುಟ್ಟಿಯೂ ನೋಡಿದೆ. ಮಿಕ್ಸಿಯ ಪ್ಲಗ್ಗನ್ನೂ ಅವರಿಗೆ ಕಾಣುವಂತೆ ಕೈಯಲ್ಲಿ ಎತ್ತಿ ಹಿಡಿದುಕೊಂಡೆ.

"ಎಲ್‌ಸಿ ಕೊಟ್ಟಿದೀನಿ ರೀ" ಎಂದೆ.

ಅವರು ಪ್ಲಗ್ಗನ್ನು ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಮಿಕ್ಸಿಯನ್ನು ತೊಡೆಯಿಂದ ಎತ್ತಿ, ಹುಷಾರಾಗಿ ನೆಲಕ್ಕೆ ಇಟ್ಟರು.

"ಬ್ಯಾಡ ಬುಡು" ಎಂದರು. "ಅಂಗ್ಡಿಗೆ ಕೊಟ್ಬುಡು."